ಜೂನ್ ಬಿಟ್ಟೆ, ಪಂಚಮಿ ಹಿಡಿದೆ

"ಮೇಷ್ಟ್ರೇ, ಇನ್ನೆರಡು ವರ್ಷ ಹೇಗೋ ತಳ್ಳಿ. ಆಮೇಲೆ ನೀವೂ ರಿಟೈರ್, ಶಾಲೆಯೂ ರಿಟೈರ್." ಸ್ಟಾಫ್‌ರೂಮಿನಲ್ಲಿ ಹೀಗೆ ಹೇಳಿ ನಕ್ಕವರು ಬೇರೆ ಯಾರೂ ಅಲ್ಲ, ನನ್ನ ಸ್ನೇಹಿತರೇ. ಈಗ ಶಾಲೆ ಉಳಿದು ಮಕ್ಕಳು ಹೆಚ್ಚಾದದ್ದು ನೋಡಿ ಅವರೇ ಫೋನ್ ಮಾಡಿ "ಹೇಗ್ರೀ ಮಾಡಿದ್ರಿ?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಅದೇ ಕಥೆ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮದು ಮುಂಬಯಿಯ ಪೂರ್ವ ಉಪನಗರದ ಪಾಲಿಕೆ ಶಾಲೆ. ಕನ್ನಡ ಮಾಧ್ಯಮ, ಏಳನೇ ಇಯತ್ತೆವರೆಗೆ. ಒಂದೇ ಕಟ್ಟಡದಲ್ಲಿ ಮರಾಠಿ, ಹಿಂದಿ, ಉರ್ದು, ಮೂಲೆಯಲ್ಲಿ ನಾವು. ನಾನು ಸೇರಿದ ಕಾಲಕ್ಕೆ ಕನ್ನಡದ್ದೇ ಎರಡು ತುಕಡಿ (ಸೆಕ್ಷನ್) ಇದ್ದವು. ಕೊರೋನಾ ಮುಗಿದು ಬಾಗಿಲು ತೆಗೆದಾಗ ಪಟದಲ್ಲಿ, ಅಂದರೆ ದಾಖಲಾತಿಯಲ್ಲಿ, ಉಳಿದಿದ್ದು 81 ಮಕ್ಕಳು. ಒಂದರಿಂದ ಐದರವರೆಗೆ ಲೆಕ್ಕ ಹಾಕಿದರೆ 57.

ಅನುದಾನ ಕಡಿತ ಅಂದರೆ ಯಾರೋ ಆದೇಶ ಹೊರಡಿಸುತ್ತಾರೆ ಅಂತ ಹೊರಗಿನವರು ತಿಳಿದಿರುತ್ತಾರೆ. ಹಾಗೇನೂ ಆಗುವುದಿಲ್ಲ, ನಿಮಗೆ ಗೊತ್ತಲ್ಲ. ಪಾಲಿಕೆಯ ಶಿಕ್ಷಣ ಬಜೆಟ್ಟು 2023-24ರಲ್ಲೇ 3,300 ಕೋಟಿ ದಾಟಿತ್ತು. ಕಾಗದದಲ್ಲಿ ದುಡ್ಡು ಕಡಿಮೆ ಆಗಿಲ್ಲ. ನಮಗೆ ಕತ್ತರಿ ಬೀಳುವುದು ಸೆಪ್ಟೆಂಬರ್ 30ಕ್ಕೆ. ಆವತ್ತಿನ ಪಟ ನೋಡಿ ಸಂಚ್ ಮಾನ್ಯತಾ, ಅಂದರೆ ಎಷ್ಟು ಶಿಕ್ಷಕ ಹುದ್ದೆ ಅನ್ನುವ ಮಂಜೂರಾತಿ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಲೆಕ್ಕದಲ್ಲಿ ಒಂದರಿಂದ ಐದರ ಮಕ್ಕಳು 60ರವರೆಗೆ ಇದ್ದರೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು, 120ರವರೆಗೆ ನಾಲ್ವರು. ಸಮಗ್ರ ಶಿಕ್ಷಾ ಅನ್ನುವ ಸರ್ಕಾರಿ ಯೋಜನೆಯ ಶಾಲಾ ಅನುದಾನವೂ ಹಾಗೇ. ಮೂವತ್ತು ದಾಟಿ ನೂರು ಮಕ್ಕಳವರೆಗೆ 25,000, ನೂರು ದಾಟಿದರೆ 50,000. ನಮ್ಮ 57ಕ್ಕೆ ಸಿಕ್ಕವರು ಇಬ್ಬರು. ಐದು ತರಗತಿ, ಇಬ್ಬರು ಟೀಚರು. ಮೂರನೆಯವರು ಸರಪ್ಲಸ್ ಅಂತಾಗಿ ಬೇರೆ ಕಡೆ ಹೋದರು. ಐದೂ ತರಗತಿಯನ್ನು ಎರಡು ಕೋಣೆಯಲ್ಲಿ ಕೂರಿಸಿದ್ದು ನೋಡಿ ಇನ್ನೂ ನಾಲ್ಕು ಪೋಷಕರು ಮಕ್ಕಳನ್ನು ಬಿಡಿಸಿಕೊಂಡರು. ಬಾವಿಗೆ ಬಿದ್ದವನ ಮೇಲೆ ಕಲ್ಲು ಬಿದ್ದ ಹಾಗೆ.

ಮೊದಲ ವರ್ಷ ಮೇಲಿನವರಿಗೆ ಪತ್ರ ಬರೆದೆ. ಹನ್ನೊಂದೋ ಹನ್ನೆರಡೋ ಇರಬೇಕು. ಎಲ್ಲಕ್ಕೂ ಇನ್‌ವರ್ಡ್ ನಂಬರ್ ಸಿಕ್ಕಿತು, ಉತ್ತರ ಸಿಗಲಿಲ್ಲ.

ಎರಡನೇ ವರ್ಷ ಯಕ್ಷಗಾನ ಮಾಡಿಸಿದೆವು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮಲ್ಲೂ ಯಾರಾದರೂ ಈ ಐಡಿಯಾ ಕೊಟ್ಟೇ ಕೊಡುತ್ತಾರೆ. ಹೋಟೆಲಿನವರು, ಬ್ಯಾಂಕಿನವರು, ಹಳೇ ವಿದ್ಯಾರ್ಥಿಗಳು, ಎಲ್ಲ ಸೇರಿ ಕೂಡಿದ್ದು ಸುಮಾರು 62,000. ಹಾಲ್ ಬಾಡಿಗೆ, ಮೈಕು, ಕಲಾವಿದರ ಸಂಭಾವನೆ, ಊಟ, ಶಾಲು-ಹಾರ, ಎಲ್ಲ ಕಳೆದು ಕೈಗೆ ಬಂದಿದ್ದು 14,000. ಅದಕ್ಕೆ ನನ್ನ ಕೈಯಿಂದ ಹನ್ನೊಂದು ಸಾವಿರ ಹಾಕಿ ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರ್ ತಂದೆ. ಜುಲೈ ಮಳೆಯಲ್ಲಿ ಛಾವಣಿ ಸೋರಿ ಅದರ ಕಥೆ ಮುಗಿಯಿತು. ಯಕ್ಷಗಾನದ ದಿನ ಊಟಕ್ಕೆ ಕೂತಿದ್ದಾಗ ಒಬ್ಬ ಹೋಟೆಲ್ ಮಾಲಕರು ಕೇಳಿದ್ದು ಇನ್ನೂ ಕಿವಿಯಲ್ಲಿದೆ: "ಮಾಷ್ಟ್ರೇ, ದುಡ್ಡು ಕೊಡುವ ಮಾರಾಯ್ರೆ. ಆದ್ರೆ ನಮ್ಮ ಮಕ್ಕಳೇ ನಿಮ್ಮ ಶಾಲೆಗೆ ಬರುದಿಲ್ಲ. ಮತ್ತೆ ಯಾರಿಗೆ ಪಿಚ್ಚರ್ ತೋರಿಸ್ತೀರಿ?"

ಮಾತು ಚುಚ್ಚಿತು, ಆದರೆ ಸರಿಯಾಗಿತ್ತು. ದಕ್ಷಿಣ ಕನ್ನಡದವರ ಮಕ್ಕಳು ಇಂಗ್ಲಿಷ್‌ಗೆ ಹೋಗಿ ಎಷ್ಟೋ ವರ್ಷ ಆಯ್ತು. ಈಗ ನಮ್ಮ ಮಕ್ಕಳು ಯಾದಗಿರಿ, ಕಲಬುರಗಿ, ವಿಜಯಪುರದಿಂದ ಗೌಂಡಿ (ಗಾರೆ) ಕೆಲಸಕ್ಕೆ, ಬಿಗಾರಿ (ಕೂಲಿ) ಕೆಲಸಕ್ಕೆ ಬಂದವರ ಮಕ್ಕಳು. ಅವರಿರುವ ಬಸ್ತಿ, ಅಂದರೆ ಜೋಪಡಿ ಕೇರಿ, ಶಾಲೆಯಿಂದ ಒಂದೂವರೆ ಕಿಲೋಮೀಟರ್. ನಡುವೆ ದೊಡ್ಡ ರಸ್ತೆ.

ಮೂರನೇ ವರ್ಷ ಜೂನ್‌ನಲ್ಲಿ ಬ್ಯಾನರ್ ಕಟ್ಟಿ, ಕರಪತ್ರ ಹಂಚಿ, ಬಸ್ತಿಯಲ್ಲಿ ಡೋಲು ಬಾರಿಸಿ ಪ್ರವೇಶೋತ್ಸವ ಮಾಡಿದೆವು. ಖರ್ಚು ಏಳೆಂಟು ಸಾವಿರ. ಬಂದ ಮಕ್ಕಳು ಆರು. ಅರ್ಧ ಬಸ್ತಿಗೆ ಬೀಗ! ಜೂನ್‌ನಲ್ಲಿ ಅವರೆಲ್ಲ ಊರಿನಲ್ಲಿ ಬಿತ್ತನೆಯಲ್ಲಿ ಇರುತ್ತಾರೆ ಅಂತ ಮೂವತ್ತು ವರ್ಷ ಪಾಠ ಮಾಡಿದ ನನಗೆ ಹೊಳೆದಿರಲಿಲ್ಲ ನೋಡಿ. ಹತ್ತಿ, ತೊಗರಿ ಬಿತ್ತಿ, ಒಂದು ಸುತ್ತು ಕಳೆ ತೆಗೆದು, ನಾಗರ ಪಂಚಮಿಗೆ ಜೋಕಾಲಿ ಆಡಿ, ಆಮೇಲೆ ಬಸ್ಸು ಹತ್ತುತ್ತಾರೆ. ಅಂದರೆ ಆಗಸ್ಟ್. ನಮಗೆ ಪಟ ಬೇಕಾದದ್ದು ಸೆಪ್ಟೆಂಬರ್ 30ಕ್ಕೆ. ಆರ್‌ಟಿಇ ಪ್ರಕಾರ ವರ್ಷದ ಯಾವ ತಿಂಗಳಲ್ಲಿ ಬಂದರೂ ಮಗುವನ್ನು ಸೇರಿಸಿಕೊಳ್ಳಲೇಬೇಕು, ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಕಾನೂನು ನಮ್ಮ ಕಡೆ, ಪಂಚಾಂಗವೂ ನಮ್ಮ ಕಡೆ. ನಾವು ಮಾತ್ರ ಜೂನ್ ಜೂನ್ ಅಂತ ಕುಣಿಯುತ್ತಿದ್ದೆವು.

ಮುಂದಿನ ವರ್ಷ ಜೂನ್‌ನಲ್ಲಿ ಒಂದು ಪೈಸೆ ಖರ್ಚು ಮಾಡಲಿಲ್ಲ. ಪಂಚಮಿ ಆದ ಮೇಲೆ ಬೆಳಗಿನ ಐದೂವರೆಗೆ ನಾಕಾಕ್ಕೆ, ಅಂದರೆ ಕೂಲಿಯವರು ಕೆಲಸಕ್ಕೆ ಕಾಯುವ ಸರ್ಕಲ್ಲಿಗೆ, ಹೋಗಿ ನಿಂತೆ. ಒಬ್ಬ ತಾಯಿ ಸೊಂಟದ ಮೇಲೆ ಮಗು ಇಟ್ಟುಕೊಂಡು ಹೇಳಿದಳು: "ಮಾಸ್ತರ್ರಿ, ಸಾಲಿಗಿ ಕಳಸೂದು ಬ್ಯಾಡಂತ ಯಾರಂತಾರ್ರಿ? ನಾವು ಆರಕ್ಕ ನಾಕಾಕ್ಕ ಬರ್ತೀವಿ. ಏಳಕ್ಕ ಹುಡುಗನ್ನ ರೋಡ್ ದಾಟಿಸಿ ಬಿಡೋರು ಯಾರ್ರಿ?"

ಅಷ್ಟೇ. ಸ್ಮಾರ್ಟ್‌ಬೋರ್ಡ್ ಅಲ್ಲ, ಕಂಪ್ಯೂಟರ್ ಅಲ್ಲ, ಇಂಗ್ಲಿಷ್ ಕೂಡ ಅಲ್ಲ. ರೋಡ್ ದಾಟಿಸುವವರು ಬೇಕು.

ಮೊದಲು ಟೆಂಪೋ ವಿಚಾರಿಸಿದೆ. ತಿಂಗಳಿಗೆ 18,000 ಅಂದ, ಮೇಲೆ ಪೊಲೀಸ್ ಕಾಟ. ಬಿಟ್ಟೆ. ಬಸ್ತಿಯಲ್ಲೇ ಇಬ್ಬರು ಅಜ್ಜಿಯರನ್ನು ಹಿಡಿದೆ. ಕಟ್ಟಡದ ಕೆಲಸಕ್ಕೆ ಆಗದವರು, ಆದರೆ ಕಾಲು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ತಲಾ 3,500 ರೂಪಾಯಿ. ಆರೂಮುಕ್ಕಾಲಿಗೆ ಮನೆ ಮನೆ ಬಾಗಿಲು ಬಡಿದು ಮಕ್ಕಳನ್ನು ಎಬ್ಬಿಸಿ, ಮುಖ ತೊಳೆಸಿ, ಒಂದು ಹಗ್ಗ ಹಿಡಿಸಿ ಸಾಲಾಗಿ ನಡೆಸಿಕೊಂಡು ಬರುವುದು. ಒಬ್ಬರು ಮುಂದೆ, ಒಬ್ಬರು ಹಿಂದೆ. ಮಧ್ಯಾಹ್ನ ಖಿಚಡಿ ಮುಗಿದ ಮೇಲೆ ಹಾಗೇ ವಾಪಸ್. ಕೊರಳಿಗೆ ಸೀಟಿ ಹಾಕಿಕೊಟ್ಟೆ. ಆ ಸೀಟಿಗೆ ಬೆಸ್ಟ್ (ಮುಂಬಯಿಯ ಸಿಟಿ) ಬಸ್ಸೂ ನಿಲ್ಲುತ್ತದೆ.

ಹಗ್ಗ ಹಿಡಿದ ಮಕ್ಕಳನ್ನು ನೋಡಿ ಬೇರೆ ಮಾಧ್ಯಮದ ಟೀಚರುಗಳು ನಕ್ಕರು. ನಮ್ಮವರೂ "ಹದಿನೈದು ದಿನದ ಆಟ" ಅಂದರು. ಎರಡನೇ ವಾರಕ್ಕೆ ಹಗ್ಗದಲ್ಲಿ ಹತ್ತೊಂಬತ್ತು ಮಕ್ಕಳು. ಗಣಪತಿ ಹಬ್ಬ ಕಳೆಯುವಷ್ಟರಲ್ಲಿ ಮೂವತ್ತರ ಮೇಲೆ. ಎರಡು ಹಗ್ಗ ಬೇಕಾದವು.

ಮಕ್ಕಳು ಬಂದರೆ ಮುಗಿಯಿತಾ? ಆಧಾರ್ ವಿವರ ಶಾಲೆಯ ದಾಖಲೆಗೆ ಹೊಂದದಿದ್ದರೆ ಪಟಕ್ಕೆ ಲೆಕ್ಕವಿಲ್ಲ. ಆಧಾರಿನಲ್ಲಿ 'ಮಲ್ಲಪ್ಪ', ಮಹಾರಾಷ್ಟ್ರದ ಶಾಲಾ ದಾಖಲೆಯ ಸರಲ್ ಪೋರ್ಟಲ್‌ನಲ್ಲಿ 'ಮಲ್ಲಾಪಾ'. ಐದು ವರ್ಷ ದಾಟಿದರೂ ಬೆರಳಚ್ಚು ಅಪ್‌ಡೇಟ್ ಮಾಡಿಸದ ಮಕ್ಕಳೇ ಜಾಸ್ತಿ. ಶನಿವಾರ ಶನಿವಾರ ರಿಕ್ಷಾದಲ್ಲಿ ನಾಲ್ಕು ನಾಲ್ಕು ಮಕ್ಕಳನ್ನು ಕರೆದುಕೊಂಡು ಹೋದೆ, ಜೊತೆಗೆ ಒಬ್ಬ ತಾಯಿ. ಆಕೆಯ ಆ ದಿನದ ಪಗಾರ ಹೋಗುತ್ತದಲ್ಲ, ಅದನ್ನೂ ಕೊಡಬೇಕಾಯಿತು. ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು.

ಅದಕ್ಕಿಂತ ದೊಡ್ಡ ತೊಡಕು ಊರಿನ ಶಾಲೆ. ಹೆಚ್ಚಿನ ಮಕ್ಕಳ ಹೆಸರು ಅಲ್ಲಿ ಎಸ್‌ಎಟಿಎಸ್‌ನಲ್ಲಿ (ಕರ್ನಾಟಕದ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಇರುತ್ತದೆ. ಅವರು ಬಿಟ್ಟುಕೊಡದೆ ನಮ್ಮ ಯುಡೈಸ್‌ನಲ್ಲಿ (ದೇಶದ ಶಾಲೆಗಳ ಆನ್‌ಲೈನ್ ದಾಖಲೆ) ಮಗುವಿನ ಪೆನ್ ಅನ್ನುವ ಕಾಯಂ ನಂಬರ್ ಹತ್ತುವುದಿಲ್ಲ. ಅವರು ಯಾಕೆ ಬಿಡುತ್ತಾರೆ? ಅವರ ಪಟವೂ ಇಳಿಯುತ್ತದಲ್ವಾ! ನಾನು ಇಲ್ಲಿ ಶಾಲೆ ಉಳಿಸಲು ಒದ್ದಾಡಿದರೆ ಅಲ್ಲಿ ಒಬ್ಬ ಹೆಡ್‌ಮಾಸ್ತರು ಅದೇ ಕಾರಣಕ್ಕೆ ನನ್ನ ಫೋನ್ ಕಟ್ ಮಾಡುತ್ತಿದ್ದರು. ಎರಡೂ ಕಡೆ ಹೆಸರು ಇಡುವ ಆಟ ನಾನು ಆಡಲಿಲ್ಲ, ನೀವೂ ಆಡಬೇಡಿ, ಸಿಕ್ಕಿಬೀಳುತ್ತೀರಿ. ಕೊನೆಗೆ ಒಂದು ದಾರಿ ಸಿಕ್ಕಿತು. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಅವರಿಗೂ ನ್ಯಾಯ ಆಗಬೇಕು ಅನ್ನುವುದು ಅದರ ಒಳಗುಟ್ಟು, ಅಷ್ಟು ಹೇಳುತ್ತೇನೆ. ಬಸ್ತಿಯವರನ್ನು ಕೆಲಸಕ್ಕೆ ಕರೆಯುವ ಯಾವ ಮೇಸ್ತ್ರಿಯನ್ನು ಮೊದಲು ಒಲಿಸಿಕೊಳ್ಳಬೇಕು ಅನ್ನುವುದೂ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. ದೊಡ್ಡ ದಾನಿಗಳ ಹಿಂದೆ ಓಡುವುದು ಬಿಟ್ಟೆ. ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೆ ನೂರು ರೂಪಾಯಿ ಕೇಳಿದೆ. ಕ್ಯಾಂಟೀನ್ ನಡೆಸುವವನು, ರಿಕ್ಷಾದವನು, ಕೊರಿಯರ್ ಹುಡುಗ. ಐವತ್ತು-ಐವತ್ತೈದು ಜನ ಕೊಡುತ್ತಾರೆ, ಹತ್ತು ಜನ ಪ್ರತಿ ತಿಂಗಳೂ ಮರೆಯುತ್ತಾರೆ. ಕೊರತೆ ಬೀಳುವುದನ್ನು ತುಂಬುವವರು ಆ ಹೋಟೆಲ್ ಮಾಲಕರು, ಪಿಚ್ಚರ್ ಮಾತು ಆಡಿದವರೇ. ಲೆಕ್ಕ ಒಬ್ಬ ಹಳೇ ವಿದ್ಯಾರ್ಥಿಯ ಕೈಯಲ್ಲಿ. ನನ್ನ ಖಾತೆಗೂ ಶಾಲೆಯ ಖಾತೆಗೂ ಒಂದು ರೂಪಾಯಿ ಬಂದಿಲ್ಲ. ಇದು ಮುಖ್ಯ, ಆಡಿಟ್ ಅನುಭವಿಸಿದವರಿಗೆ ಗೊತ್ತು. ವರ್ಷಕ್ಕೆ ಒಟ್ಟು ಖರ್ಚು 85,000 ಇರಬಹುದು. ಒಬ್ಬ ಟೀಚರ್‌ನ ಒಂದೆರಡು ತಿಂಗಳ ಸಂಬಳ ಅಂದುಕೊಳ್ಳಿ.

ಆ ಸೆಪ್ಟೆಂಬರ್ 30ಕ್ಕೆ ಪಟ 119. ಒಂದರಿಂದ ಐದರಲ್ಲಿ 94. ಅಂದರೆ ನಾಲ್ಕು ಹುದ್ದೆ. ಮೂರನೆಯವರು ಜನವರಿಯಲ್ಲಿ ಬಂದರು, ನಾಲ್ಕನೆಯವರು ಮುಂದಿನ ಜೂನ್‌ಗೆ. ಅನುದಾನ 50,000ದ ಸಾಲಿಗೆ ಹತ್ತಿತು. ಸರಪ್ಲಸ್ ಆಗಿ ಹೋಗಿದ್ದ ಟೀಚರೇ ವಾಪಸ್ ಬಂದಿದ್ದು. ಬಂದ ದಿನ ನೇರ ಅಜ್ಜಿಯರ ಹತ್ತಿರ ಹೋಗಿ ಚಹಾ ಕೊಡಿಸಿದರು, ನನಗಲ್ಲ!

ನಡುವೆ ಬೇರೆ ಹುಚ್ಚೂ ನಡೆದವು. ಗಚ್ಚಿಯ ಮೇಲೆ ಪೇಂಟ್ ಡಬ್ಬಗಳಲ್ಲಿ ತೊಗರಿ ಹಾಕಿಸಿದೆ, ಊರಿನ ನೆನಪಿರಲಿ ಅಂತ. ಪಾರಿವಾಳ ಒಂದು ಕಾಳೂ ಬಿಡಲಿಲ್ಲ. ಏಳನೇ ಮುಗಿಸಿದವರ ಯೂನಿಫಾರ್ಮ್ ಸಂಗ್ರಹಿಸಿ, ಒಗೆಸಿ ಇಟ್ಟದ್ದು ಮಾತ್ರ ಕೆಲಸಕ್ಕೆ ಬಂತು. ಆಗಸ್ಟ್‌ನಲ್ಲಿ ಸೇರಿದ ಮಗುವಿಗೆ ಸೇರಿದ ದಿನವೇ ಅಂಗಿ ಸಿಕ್ಕರೆ ಮರುದಿನ ತಪ್ಪದೆ ಬರುತ್ತದೆ. ಪರೀಕ್ಷೆ ಮಾಡಿ ನೋಡಿ.

ಎಲ್ಲ ಸರಿಹೋಯಿತು ಅಂತಲ್ಲ. ಡಿಸೆಂಬರ್‌ನಲ್ಲಿ ಹತ್ತಿ ಬಿಡಿಸಲು, ತೊಗರಿ ಕೊಯ್ಲಿಗೆ ಕಾಲು ಭಾಗ ಮಕ್ಕಳು ಊರಿಗೆ ಹೋಗುತ್ತಾರೆ. ಹೋದಲ್ಲಿ ಶಾಲೆಗೆ ಸೇರಲು ಶಿಕ್ಷಣ ಹಮೀ (ಖಾತರಿ) ಕಾರ್ಡ್ ಕೊಟ್ಟು ಕಳಿಸುತ್ತೇನೆ, ಎಲ್ಲರೂ ವಾಪಸ್ ಬರುವುದಿಲ್ಲ. ಏಳನೇ ಮುಗಿದ ಮೇಲೆ ಎಲ್ಲಿಗೆ ಅನ್ನುವ ಪ್ರಶ್ನೆಯೂ ಹಾಗೇ ಇದೆ. ಕನ್ನಡ ಹೈಸ್ಕೂಲಿಗೆ ಅಷ್ಟು ದೂರ ರೈಲಿನಲ್ಲಿ ಹೋಗುವ ಹುಡುಗಿಯರಿಗೆ ಹಗ್ಗ ಹಿಡಿಯುವವರು ಯಾರು?

ಮೊನ್ನೆ ಅಜ್ಜಿಯರು ಇಬ್ಬರೂ ಒಟ್ಟಿಗೆ ಬಂದಿದ್ದರು. ಈ ಸಲ 4,500 ಬೇಕಂತೆ. "ಮಾಸ್ತರ್ರಿ, ಪಂಚಮಿ ಬಂತ್ರಿ. ಹೊಸಾವು ಹನ್ನೆರಡು ಕೂಸು ಬರ್ತಾವ, ನಾವು ಎಣಿಸಿವಿ." ನಾನಿನ್ನೂ ಎಣಿಸಿರಲಿಲ್ಲ. ಗುಂಪಿನಲ್ಲಿ ನೂರು ಇದ್ದದ್ದನ್ನು ನೂರೈವತ್ತು ಮಾಡಲು ಮೆಸೇಜ್ ಹಾಕಿದ್ದೇನೆ. ಇವತ್ತಿಗೆ ಹದಿನೇಳು ಜನ ಹೆಬ್ಬೆಟ್ಟು ಒತ್ತಿದ್ದಾರೆ.