ಹಿತ್ತಲದ ಕಾಯಿಪಲ್ಯ ಬ್ಯಾಸಗಿ ದಾಟ್ಬೇಕಂದ್ರ ಎಲಿ ಬಿಟ್ಟು ನೆಲ ನೋಡ್ರಿ

ನಮ್ಮ ಕಲಬುರಗಿ ಕಡಿ ಶರಣಬಸವೇಶ್ವರ ಅಪ್ಪನ ಜಾತ್ರಿ ತೇರು ಎಳದ್ರಂದ್ರ ಬಿಸಲು ಶುರು ಆತು ಅಂತನೇ ಲೆಕ್ಕ, ಏಪ್ರಿಲ್ ಮೇದಾಗ 42-43 ಡಿಗ್ರಿ ಅಂದ್ರ ಇಲ್ಲಿ ಯಾರೂ ಗಾಬರಿ ಆಗಂಗಿಲ್ಲ, ಸರ್ಕಾರದವ್ರೇ ಆಫೀಸ್ ಟೈಮ್ ಮುಂಜಾನಿ 8ರಿಂದ ಮಧ್ಯಾಹ್ನ 1:30ರ ತನಕ ಮಾಡಿಬಿಡ್ತಾರ. ಮನಷ್ಯಾರಿಗೇ ರಿಯಾಯಿತಿ ಸಿಗೋ ಬಿಸಲದಾಗ ಟೊಮ್ಯಾಟೊ ಗಿಡಕ್ಕ ಕಾಯಿ ಕೊಡು ಅಂತ ಗಂಟು ಬೀಳೋದು ಸರಿಯಲ್ರಿ. ಈ ಎರಡು ತಿಂಗಳು ಬೇರು ಉಳಿಸ್ಕೊಂಡ್ರ ಸಾಕು, ಕಾಯಿ ಬಂದ್ರ ಅದು ಲಾಭ.

ಮೊದಲ ಯಾವುದು ಇಟ್ಕೋಬೇಕು ಯಾವುದು ಬಿಡಬೇಕು ನೋಡ್ರಿ. ಟೊಮ್ಯಾಟೊಗೆ ಹಗಲು 35 ಡಿಗ್ರಿ ದಾಟಿ ರಾತ್ರಿನೂ 25ರ ತೆಳಗ ಇಳೀಲಿಲ್ಲಂದ್ರ ಹೂವಿನ ಪರಾಗ ಕೆಡ್ತದ, ಹೂ ಬಿಡ್ತದ ಉದುರ್ತದ, ನೀವು ಎಷ್ಟು ಗೊಬ್ಬರ ಸುರದ್ರೂ ಅಷ್ಟೇ. ಕೊತ್ತಂಬ್ರಿ, ಪಾಲಕ್ ಬಿತ್ತಿದ್ರ ತಪ್ಪಲ ಬರೂಕಿಂತ ಮೊದಲೇ ಹೂವಿಗೆ ಏಳ್ತಾವ. ಅದೇ ಜಾಗದಾಗ ಬೆಂಡಿ, ಚವಳಿಕಾಯಿ, ಅಲಸಂದಿ, ಪುಂಡಿಪಲ್ಯ, ರಾಜಗಿರಿ ಇವೆಲ್ಲ ಬಿಸಲಿಗೆ ಹುಟ್ಟಿದ ಮಂದಿ, ನೀರೊಂದು ಸರಿಯಾಗಿ ಸಿಕ್ರ ನಿಲ್ತಾವ. ಬೆಂಡಿ ಹಾಕೋರು ಅರ್ಕಾ ಅನಾಮಿಕಾ ತಳಿ ನೋಡ್ರಿ, ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆದು, ಎಲಿ ನರ ಹಳದಿ ಆಗೋ ರೋಗಕ್ಕ ತಡ್ಕೋತದ. ಬದನಿ, ಮೆಣಸಿನಕಾಯಿ ಗಿಡ ಹಳೀದು ಇದ್ರ ಕೀಳಬ್ಯಾಡ್ರಿ, ಅವುಗಳ ಮಾತು ಕಡೀಕ್ ಹೇಳ್ತೀನಿ.

ಈಗ ನೆಲದ ವಿಷಯ, ಇದೇ ಮುಖ್ಯ. ಕಲಬುರಗಿ, ಯಾದಗಿರಿ ಕಡಿ ಭಾಳ ಮಂದಿ ಹಿತ್ತಲದಾಗ ಯರಿ ಮಣ್ಣು, ಅಂದ್ರ ಕಪ್ಪು ಮಣ್ಣು ಇರ್ತದ. ನೀರು ಕುಡದ್ರ ಉಬ್ತದ, ಒಣಗಿದ್ರ ಬಿರಕು ಬಿಡ್ತದ, ಕೈ ತೂರುವಂಥ ಬಿರಕು, ಅದರಾಗ ಸಣ್ಣ ಬೇರೆಲ್ಲ ಹರಿತಾವ ಮತ್ತ ಒಳಗಿನ ಹಸಿ ಎಲ್ಲಾ ಅದೇ ಬಿರಕಿನಿಂದ ಆರಿ ಹೋಗ್ತದ. ಬಿರಕು ಬಿಟ್ಟ ಮ್ಯಾಲ ಪೈಪ್ ಹಿಡದು ನೀರು ಬಿಟ್ರ ನೀರು ಸೀದಾ ಬಿರಕಿನಾಗ ಇಳದು ಹೋಗ್ತದ, ಬೇರಿಗೆ ಸಿಗಂಗಿಲ್ಲ, ನೀವು ಮಾತ್ರ ಎರಡು ಬಕೆಟ್ ಹಾಕೀನಿ ಅಂತ ಸಮಾಧಾನ ಆಗ್ತೀರಿ. ಅದಕ್ಕ ಮೊದಲ ಒಣ ಮಣ್ಣು ಮತ್ತ ಚೆಂದಂಗ ಕಳಿತ ತಿಪ್ಪಿಗೊಬ್ಬರ ಕಲಸಿ ಬಿರಕು ತುಂಬ್ರಿ, ಖುರ್ಪಿಲೆ ಮ್ಯಾಲಿಂದು ಒಂದಿಂಚು ಮಣ್ಣು ಸಡಲ ಮಾಡ್ರಿ, ಸ್ವಲ್ಪ ನೀರು ಚಿಮುಕಿಸಿ ಅರ್ಧ ತಾಸು ಬಿಟ್ಟು ಆಮ್ಯಾಲ ನಿಧಾನಕ್ಕ ಪೂರ್ತಿ ನೀರು ಕೊಡ್ರಿ. ಬೀದರದವ್ರಿಗೆ ಲೆಕ್ಕ ಬ್ಯಾರೆ, ಊರು 600 ಮೀಟರ್ ಮ್ಯಾಲ ಎತ್ತರದಾಗ ಇರೋದಕ್ಕ ಝಳ ಸ್ವಲ್ಪ ಕಮ್ಮಿ ಖರೇ, ಆದ್ರ ಅಲ್ಲಿ ಕೆಂಪು ಮಣ್ಣು ನೀರು ಹಿಡ್ಕೊಳ್ಳಂಗಿಲ್ಲ, ಹಂಗಾಗಿ ಒಂದು ಸಲಕ್ಕ ಕಮ್ಮಿ ಹಾಕಿ ಭಾಳ ಸಲ ಹಾಕ್ಬೇಕು.

ಮಣ್ಣು ಬರೇ ಮೈಲೆ ಬಿಡಬ್ಯಾಡ್ರಿ, ಹೊದಿಕಿ ಹಾಕ್ರಿ. ಇದಕ್ಕ ದುಡ್ಡು ಬೇಕಾಗಿಲ್ಲ, ಬ್ಯಾಸಗಿ ಮೊದಲಿಗೆ ಬೇವಿನ ಗಿಡ ಉದುರಿಸಿದ ಒಣ ತಪ್ಪಲ, ಜ್ವಾಳದ ಕಣಕಿ ಚೂರು, ಕಬ್ಬು ಬೆಳೆಯೋ ಕಡಿ ಇದ್ರ ರವದಿ, ತೊಗರಿ ಹೊಟ್ಟು ಸಿಕ್ರ ಅದು, ದನಕ್ಕ ಹಾಕಿ ಉಳದದ್ದು ಅಷ್ಟೇ. ಎರಡು ಮೂರು ಇಂಚು ದಪ್ಪ, ಕಾಂಡದಿಂದ ಎರಡು ಬೆರಳು ದೂರ. ಗೆದ್ದಲ ಕಂಡ್ರ ಅಲ್ಲಿಂದಷ್ಟೇ ತಗೀರಿ.

ನೀರು ಮುಂಜಾನಿ 7ರ ಒಳಗ. ಮಧ್ಯಾಹ್ನ ಮಾಳಿಗಿ ಮ್ಯಾಲಿನ ಟ್ಯಾಂಕಿನ ನೀರು ಕೈ ಸುಡ್ತದ, ಅದನ್ನ ಬೇರಿಗೆ ಹಾಕಬ್ಯಾಡ್ರಿ, ಪೈಪಿನಾಗ ನಿಂತ ಮೊದಲಿನ ನೀರೂ ಬಕೆಟ್ಟಿಗೆ ಬಿಟ್ಟು ಆರಾಕ ಇಡ್ರಿ. ಒಂದು ಮಾತು ನೆನಪಿಟ್ಕೋರಿ, ಮಧ್ಯಾಹ್ನ 2ಕ್ಕ ಎಲಿ ಜೋತು ಬಿದ್ದದ್ದು ನೋಡಿ ಓಡಬ್ಯಾಡ್ರಿ, ಕುಂಬಳ ಜಾತಿ ಬಳ್ಳಿ ಎಲ್ಲಾ ಹಂಗೇ ಮಾಡ್ತಾವ, ಸಂಜಿಕ್ ಎದ್ದು ನಿಲ್ತಾವ. ಮುಂಜಾನಿ ಎದ್ದ ಕೂಡ್ಲೇ ಜೋತು ಬಿದ್ದಿದ್ರ ಅದು ಖರೇ ನೀರಡಿಕಿ. ಅನುಮಾನ ಇದ್ರ ಬೆರಳು ಮಣ್ಣಾಗ ಚುಚ್ರಿ, ಎರಡು ಇಂಚು ತೆಳಗ ಹಸಿ ಇದ್ರ ಆ ದಿನ ಬಿಡ್ರಿ.

ನಲ್ಲಿ ನೀರು ಎರಡು ಮೂರು ದಿನಕ್ಕೊಮ್ಮೆ ಬರೋ ಓಣ್ಯಾಗ ಇರೋರಿಗೆ ಮಣ್ಣಿನ ಗಡಗಿ ಬಿಟ್ರ ಬ್ಯಾರೆ ಉಪಾಯ ನಾ ಹೇಳಂಗಿಲ್ಲ. ಬಣ್ಣ, ಪಾಲಿಶ್ ಏನೂ ಇಲ್ಲದ 5-6 ಲೀಟರಿನ ಗಡಗಿ ತಗೊಂಡು ಕುತ್ತಿಗಿ ಮಟ್ಟ ಹುಗದು ನೀರು ತುಂಬಿ ಮುಚ್ಚಳ ಹಾಕ್ರಿ, ಇಲ್ಲಂದ್ರ ಸೊಳ್ಳಿ ಮೊಟ್ಟಿ ಇಡ್ತಾವ, ಡೆಂಗ್ಯೂ ಮನಿಗೆ ಕರದಂಗ. ಸುತ್ತ ಮುಕ್ಕಾಲು ಫೂಟಿನ ಒಳಗ ನಾಕು ಗಿಡ ಹಚ್ರಿ, ಮಣ್ಣು ಒಣಗಿದಂಗೆಲ್ಲ ಗಡಗಿ ಜಿನುಗ್ತದ, ಬೇರು ತಾನೇ ಹುಡುಕ್ಕೋತ ಬರ್ತದ. ಬೋರಿನ ಗಡಸು ನೀರು ಹಾಕೋರು ಗಡಗಿ ಮೈ ಮ್ಯಾಲ ಬಿಳಿ ಉಪ್ಪು ಕೂತದ್ದು ನಾರಿಲೆ ತಿಕ್ಕಬೇಕು, ಇಲ್ಲಂದ್ರ ರಂಧ್ರ ಮುಚ್ತಾವ. ಅಕ್ಕಿ ಬ್ಯಾಳಿ ತೊಳದ ನೀರು ಹಾಕ್ರಿ, ಆರ್‌ಓ ಮಷೀನ್ ಹೊರಗ ಬಿಡೋ ನೀರಿನಾಗ ಉಪ್ಪು ಜಾಸ್ತಿ, ಅದನ್ನ ಕಾಯಿಪಲ್ಯಕ್ಕ ಬ್ಯಾಡ, ಅಂಗಳ ತೊಳೀರಿ.

ನೆರಳಿಗೆ ಅರ್ಧ ಬಿಸಲು ತಡಿಯೋ 50 ಪರ್ಸೆಂಟಿನ ಗ್ರೀನ್ ನೆಟ್ ಸಾಕು, 75ರದ್ದು ಕಟ್ಟಿದ್ರ ಬೆಂಡಿ ಉದ್ದ ಬೆಳದು ಕಾಯಿ ಬಿಡಂಗಿಲ್ಲ. ಗಿಡದ ಮ್ಯಾಲ ಹಾಸಬ್ಯಾಡ್ರಿ, ಹಂದರ ಹಾಕ್ದಂಗ ಆರೇಳು ಫೂಟ್ ಎತ್ತರಕ್ಕ, ಮತ್ತ ಪಶ್ಚಿಮದ ಕಡಿ ಒಂದು ಪರದಾ ಇಳಿ ಬಿಡ್ರಿ, ಯಾಕಂದ್ರ ಸುಡೋದು ಇಳಿಹೊತ್ತಿನ ಬಿಸಲು. ಕಂಬಕ್ಕ ಬಿದರು, ಅಡ್ಡಕ್ಕ ತೊಗರಿ ಕಟಗಿ. ನೆಟ್ ಒಂದು ಕಡಿ ಬಿಚ್ಚಾಕ ಬರೋ ಗಂಟಿಲೆ ಕಟ್ರಿ, ಅಡ್ಡಮಳಿ ಗಾಳಿ ಬಂತಂದ್ರ ಕಂಬ ಸಮೇತ ಹಾರಸ್ಕೊಂಡು ಹೋಗ್ತದ. ಇನ್ನ ನಮ್ಮ ಕಡಿ ಅಂಗಳ ಪೂರ್ತಿ ಶಹಾಬಾದ್ ಫರ್ಸಿ ಹಾಸೋ ಹುಚ್ಚು ಒಂದದ, ಕಲ್ಲು ಛಲೋದೇ, ಆದ್ರ ಹಗಲೆಲ್ಲ ಕಾದು ರಾತ್ರಿ 10ರ ತನಕ ಝಳ ಬಿಡ್ತದ. ಫರ್ಸಿ ಮ್ಯಾಲ ಗ್ರೋ ಬ್ಯಾಗ್ ಇಟ್ಟೋರು ತೆಳಗ ಎರಡು ಇಟ್ಟಂಗಿ ಕೊಡ್ರಿ, ಬ್ಯಾಗುಗಳನ್ನ ಒತ್ತೊತ್ತಿಗೆ ಸೇರಿಸಿ ಸುತ್ತ ಹಸಿ ಗೋಣಿಚೀಲ ಸುತ್ತ್ರಿ.

ಝಳಕ್ಕ ಬರೋ ಹುಳ ಅಂದ್ರ ಕೆಂಪು ನುಸಿ, ಎಲಿ ತೆಳಗ ಬಲಿ ಕಟ್ಟಿ ಮ್ಯಾಲ ಹಳದಿ ಚುಕ್ಕಿ ಕಾಣ್ತಾವ. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಎಲಿ ತೆಳಗಿನ ಮೈಗೆ ಜೋರು ನೀರು ಹೊಡೀರಿ, ಅರ್ಧ ಅಲ್ಲೇ ಹೋಗ್ತಾವ. ಉಳದ್ರ ಲೀಟರಿಗೆ 5 ಎಂ.ಎಲ್. ಬೇವಿನೆಣ್ಣಿ, ಚೂರು ಸೋಪಿನ ನೀರು, ಅದೂ ಸೂರ್ಯ ಮುಳಗಿದ ಮ್ಯಾಲ, ಬಿಸಲಾಗ ಹೊಡದ್ರ ಎಲಿ ಸುಡ್ತದ. ಯೂರಿಯಾ ಮಾತ್ರ ಈಗ ಮುಟ್ಟಬ್ಯಾಡ್ರಿ, ಎಳಿ ಚಿಗುರು ಒಡದು ಅದೇ ಮೊದಲ ಕರಕಾಗ್ತದ, ನುಸಿಗೂ ಔತಣ ಕೊಟ್ಟಂಗ.

ಬದನಿ ಮೆಣಸಿನಕಾಯಿ ಹೇಳ್ತೀನಿ ಅಂದಿದ್ನಲ್ಲ, ಮೇ ಕಡೀ ವಾರ ರೋಹಿಣಿ ಮಳಿ ಹೊತ್ತಿಗೆ ಆಕಾಶ ಮೋಡ ಕಟ್ಟಾಕ ಹತ್ತಿದ್ರ ಮುದಿ ಬದನಿ ಗಿಡ ನೆಲದಿಂದ ಒಂದು ಫೂಟ್ ಬಿಟ್ಟು ಕತ್ತರಸ್ರಿ, ಮೆಣಸಿನಗಿಡದ್ದು ಒಣಗಿದ ಟೊಂಗಿ ಅಷ್ಟೇ ತಗೀರಿ. ಬುಡಕ್ಕ ಒಂದು ಬುಟ್ಟಿ ಕಳಿತ ಗೊಬ್ಬರ ಹಾಕಿ ನೆಟ್ ಒಮ್ಮೆಲೇ ತಗೀಲಾರದ, ಮೊದಲ ಸಂಜಿ ಮುಂಜಾನಿ ಅಷ್ಟೇ ಸರಸ್ರಿ, ವಾರದ ಮ್ಯಾಲ ಪೂರ್ತಿ ಬಿಚ್ರಿ. ಟೊಮ್ಯಾಟೊ ಬೀಜ ಆಗ ಟ್ರೇದಾಗ ಹಾಕಿದ್ರ ಮಿರಗ (ಮೃಗಶಿರ ಮಳಿ) ಮುಗಿಯೋದ್ರಾಗ ಸಸಿ ಹಚ್ಚಾಕ ಬರ್ತಾವ.