ಕೋಡ್ ಬರೆಯುವ ಮುನ್ನ ಹುಲಿ-ಕುರಿ ಆಟದಲ್ಲಿ ಕೈ ಪಳಗಿಸಿಕೊಳ್ಳಿ

ಚಿಕ್ಕಮಗಳೂರಿನಲ್ಲಿ ಹವ್ಯಾಸಕ್ಕಾಗಿ ವಿಡಿಯೋ ಗೇಮ್ ಮಾಡುವ ಗೆಳೆಯರೇ, ವಿನ್ಯಾಸದಲ್ಲಿ ಕೈ ಪಳಗಬೇಕಾದರೆ ಹುಲಿ-ಕುರಿ ಆಟದ ಮನೆಯನ್ನು ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಒಂದೇ ಒಂದು ನಿಯಮವನ್ನು ಬದಲಿಸಿ, ಮನೆಯವರೊಡನೆ ಹತ್ತು ಸಲ ಆಡಿ, ಪ್ರತಿ ಸಲವೂ ಗೆದ್ದವರು ಯಾರು, ಆಟ ಎಲ್ಲಿ ಬೇಸರ ತರಿಸಿತು ಎಂಬುದನ್ನು ಬರೆದಿಡಿ. ಮೂರು ಹುಲಿಗಳಿಗೆ ಹುಣಸೆಬೀಜ, ಹದಿನೈದು ಕುರಿಗಳಿಗೆ ಕಾಫಿಬೀಜ ಸಾಕು. ಇಲ್ಲಿ ಎರಡು ಪಕ್ಷಗಳ ಬಲವೂ ಗುರಿಯೂ ಬೇರೆಬೇರೆಯಾಗಿರುವುದರಿಂದ, ಕುರಿಗಳನ್ನು 15ರಿಂದ 12ಕ್ಕೆ ಇಳಿಸಿದಾಗ ಆಟ ಯಾವ ಕಡೆಗೆ ವಾಲುತ್ತದೆ ಎಂಬುದು ಕೆಲವೇ ಸುತ್ತುಗಳಲ್ಲಿ ಕಣ್ಣಿಗೆ ಕಾಣುತ್ತದೆ. ಅದನ್ನೇ ಕೋಡ್‌ನಲ್ಲಿ ಪರೀಕ್ಷಿಸಲು ಹೊರಟರೆ ಇಡೀ ಸಂಜೆ ದೋಷ ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಎರಡು ನಿಯಮಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಆಡುವವರಿಗೆ ನಡುವೆ ಸುಳಿವು ಕೊಡಬೇಡಿ: ಬೀಜದ ಮೇಲೆ ಬೆರಳಿಟ್ಟು ಅವರು ನಿಮ್ಮ ಮುಖ ನೋಡಿದರೆ, ನಿಯಮ ಅಸ್ಪಷ್ಟವಾಗಿರುವುದು ಅಲ್ಲಿಯೇ. ಒಬ್ಬರು ನುರಿತವರು, ಇನ್ನೊಬ್ಬರು ಹೊಸಬರಾದರೆ ಫಲಿತಾಂಶವನ್ನು ನಂಬಲಾಗದು. ಪ್ರತಿ ಆಟಕ್ಕೂ ಪಕ್ಷ ಬದಲಿಸಿಕೊಳ್ಳಿ. ಜಿಗಿತ, ಓಟ, ಗುರಿಯಿಟ್ಟು ಹೊಡೆಯುವುದು ಮುಂತಾಗಿ ಕ್ಷಣಕ್ಷಣದ ಚಲನೆಯನ್ನು ನೆಚ್ಚಿದ ಆಟಗಳಿಗೆ ಮಾತ್ರ ಈ ವಿಧಾನ ಒದಗುವುದಿಲ್ಲ. ಆ ಹದವನ್ನು ವಿಡಿಯೋ ಗೇಮ್ ಕಟ್ಟುವ ತಂತ್ರಾಂಶವಾದ ಗೋಡೋದಂತಹ ಉಚಿತ ಎಂಜಿನ್‌ನಲ್ಲಿ ಚಿತ್ರಗಳಿಲ್ಲದ ಬರೀ ಚೌಕಗಳನ್ನಿಟ್ಟು, ಗುಂಡಿ ಒತ್ತಿಯೇ ತಿಳಿಯಬೇಕು.