ಮಾಣದೇಶದ ನಗೆಯನ್ನು ಕನ್ನಡಕ್ಕೆ ತಂದ ನನ್ನ ಅನುಭವ

ಮರಾಠಿ ಹಳ್ಳಿಯ ಮಾತುಗಳನ್ನು ಕನ್ನಡಕ್ಕೆ ತರಲು ಕೂತಾಗ ನನಗೆ ಮೊದಲು ಪಾಠ ಕಲಿಸಿದ್ದು ಮಳೆಯ ಬಗ್ಗೆ ಆಡಿದ ಒಂದೇ ಒಂದು ಮಾತು.

ಸಾಂಗಲಿ ಜಿಲ್ಲೆಯ ಆಟಪಾಡಿ ಕಡೆಯ ಒಂದು ಊರು. ಮಾಣದೇಶ ಅನ್ನುವ ಈ ಸೀಮೆಯಲ್ಲಿ ಮಳೆ ಬಲು ಕಡಿಮೆ. ಮರದ ಸುತ್ತಿನ ಕಟ್ಟೆಗೆ ಅಲ್ಲಿ 'ಪಾರ' ಅಂತಾರೆ. ಪಾರದ ಮೇಲೆ ನಾಲ್ಕೈದು ಹಿರಿಯರು ಕೂತಿದ್ದರು. ಬಸ್ಸಿಳಿದು ಬಂದ ಒಬ್ಬ ಹುಡುಗ "ತಾತ್ಯಾ, ಮಳೆ ಹೇಗೆ?" ಅಂತ ಕೇಳಿದ. ತಾತ್ಯಾ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ತಲೆ ಎತ್ತಲಿಲ್ಲ. "ಬಂದಿತ್ತಪ್ಪ. ಮುಂದಿನ ಊರಿಗೆ ದಾರಿ ಕೇಳಿಕೊಂಡು ಹೋಯ್ತು" ಅಂದರು. ಯಾರೂ ನಗಲಿಲ್ಲ. ಪಕ್ಕದವರು ತಂಬಾಕಿಗೆ ಕೈ ಚಾಚಿದರು, ಅಷ್ಟೆ. ತಾತ್ಯಾ ಆ ವರ್ಷ ಎತ್ತಿನ ಜೋಡಿ ಮಾರಿದ್ದರು ಅಂತ ನನಗೆ ಆಮೇಲೆ ತಿಳಿಯಿತು.

ಇದನ್ನು ಬರೆಯುವಾಗ ಕೊನೆಗೆ 'ಎಂದು ವ್ಯಂಗ್ಯವಾಗಿ ನುಡಿದರು' ಅಂತ ಸೇರಿಸಿದ್ದೆ. ಮನೆಯಲ್ಲಿ ಓದಿ ಕೇಳಿಸಿದೆ. ಯಾರ ಮುಖವೂ ಅರಳಲಿಲ್ಲ. 'ವ್ಯಂಗ್ಯವಾಗಿ' ಹೊಡೆದುಹಾಕಿದೆ. 'ನುಡಿದರು' ಹೋಗಿ 'ಅಂದರು' ಆಯಿತು. ತಂಬಾಕು ತಿಕ್ಕುವ ಕೈ ಮಾತ್ರ ಉಳಿಸಿಕೊಂಡೆ. ಈ ಸಲ ನಕ್ಕರು, ನಕ್ಕು ಸುಮ್ಮನಾದರು. ನನಗೆ ಎರಡೂ ಬೇಕಿತ್ತು.

ಜೋರಾಗಿ ಓದುವುದನ್ನು ಮಾತ್ರ ಬಿಡಲೇಬಾರದು. 1960ರ ದಶಕದಲ್ಲಿ ಮರಾಠಿ ಕಥೆಗಾರರಾದ ಶಂಕರ ಪಾಟೀಲ, ದ. ಮಾ. ಮಿರಾಸದಾರ, ವ್ಯಂಕಟೇಶ ಮಾಡಗೂಳಕರ ಮೂವರೂ ಒಂದೇ ವೇದಿಕೆಯಲ್ಲಿ ಕೂತು ಹಳ್ಳಿಯ ಕಥೆ ಹೇಳುತ್ತಿದ್ದರು. ಕೇಳಲೆಂದೇ ಜನ ಬರುತ್ತಿದ್ದರು. ಕಿವಿಗೆ ಹುಟ್ಟಿದ ಕಥೆಯನ್ನು ಬರೀ ಕಣ್ಣಿನಿಂದ ಓದಿದರೆ ಎಲ್ಲಿ ಉಸಿರು ನಿಲ್ಲಿಸಬೇಕು ಅನ್ನೋದೇ ತಪ್ಪಿಹೋಗುತ್ತದೆ.

ಮಾಣದೇಶದಲ್ಲಿ ಗುರುತಿಲ್ಲದವರನ್ನೂ "ಕಾಯ್ ಪಾವ್ಹಣಂ" ಅಂತ ಮಾತಾಡಿಸುತ್ತಾರೆ. 'ಏನು ಅತಿಥಿಗಳೇ' ಅಂದರೆ ಜೀವವೇ ಹೋಯಿತು. ಉತ್ತರ ಕರ್ನಾಟಕದ "ಏನ್ರೀ ಬೀಗರ" ಸಲೀಸಾಗಿ ಕೂತಿತು.

ಜಾಸ್ತಿ ಕಾಡಿದ್ದು ಒಂದು ಗಾದೆ. "ಘರಚಂ ಝಾಲಂ ಥೋಡಂ, ವ್ಯಾಹ್ಯಾನಂ ಧಾಡಲಂ ಘೋಡಂ." ಮನೆಯ ತಾಪತ್ರಯ ಸಾಲದು ಅಂತ ಬೀಗ ತನ್ನ ಕುದುರೆಯನ್ನೂ ಕಳಿಸಿದ. ಅರ್ಥವೇನೋ ಬಂತು, ಥೋಡಂ-ಘೋಡಂ ಹೋಯಿತು. ಆ ಪ್ರಾಸ ಇಲ್ಲದಿದ್ದರೆ ಅದು ಸುಮ್ನೆ ದೂರು. ಎಷ್ಟೋ ದಿನ ಬಾಯಲ್ಲಿ ಉರುಳಿಸಿದ ಮೇಲೆ ಇದು ಹೊಳೆಯಿತು: "ಮನ್ಯಾಗ ನಮಗೇ ಇಲ್ಲ ಜ್ವಾಳ, ಮ್ಯಾಲ ಬೀಗರ ಕುದರೀ ಗ್ವಾಳ." ಗ್ವಾಳ ಅಂದರೆ ಗೋಳು.

ಮೂಲದಲ್ಲಿ ಜೋಳ ಇಲ್ಲವಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ನಿಜ, ಇಲ್ಲ. ಆದರೂ ತೆಗೆಯಲಿಲ್ಲ. ಸೊಲ್ಲಾಪುರದಲ್ಲೂ ವಿಜಯಪುರದಲ್ಲೂ ತಟ್ಟೆಗೆ ಬೀಳೋದು ಜೋಳದ ರೊಟ್ಟಿಯೇ ಅಲ್ವಾ.